ಹಿಂಬಾಗಿಲಿಗೆ ಅಡ್ಡ ನಿಂತ ಸೋಫಾ

ಮೊನ್ನೆ ನಮ್ಮ ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರಿದ ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಬಾವಿಗೆ ಬಿದ್ದ ಎಮ್ಮೆ ಎತ್ತಿದ್ದು, ಹೊಳೆಯ ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ದೋಣಿಯಲ್ಲಿ ತಂದದ್ದು ಹೇಳುತ್ತೇನೆಂದು ಅವರು ಕಾದು ಕುಳಿತಿದ್ದರು. ನಾನು ಸೋಫಾ ಮಾರುವ ಅಂಗಡಿಗಳ ವಿಷಯ ತೆಗೆದೆ. ಮುಂದಿನ ಸಾಲಿನಲ್ಲೇ ಒಬ್ಬ ಆಕಳಿಸಿದ. ಅವನ ತಪ್ಪಲ್ಲ. ಏಣಿ ಹತ್ತಬೇಕು, ಪೈಪು ಹಿಡಿಯಬೇಕು ಎಂದು ಈ ನೌಕರಿಗೆ ಬಂದವನಿಗೆ ಫರ್ನಿಚರ್ ಅಂಗಡಿಯ ಹಿಂಬಾಗಿಲು ತೆಗೆಯುತ್ತದೋ ಇಲ್ಲವೋ ನೋಡುವುದೂ ಇದೇ ನೌಕರಿ ಎಂದು ಯಾರೂ ಹೇಳಿರುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಇನ್ನೂ ಒಂದು ಕಾರಣವಿದೆ. ನನ್ನ ಒಂದೇ ಒಂದು ಮಾತಿನಿಂದ ಹುಲಿಗೆವ್ವ ಎಂಬ ಹೆಣ್ಣುಮಗಳ ಹೊಲಿಗೆ ಕೆಲಸ ಹೋಯಿತು, ಹೆಸರೂ ಕೆಟ್ಟಿತು. ಅವೆರಡನ್ನೂ ಆಕೆಗೆ ಮರಳಿ ಕೊಡಿಸಲು ಸಾಧ್ಯವೇ ಎಂಬುದೇ ನಿವೃತ್ತಿಯ ನಂತರ ನನಗೆ ಉಳಿದ ಕೆಲಸ. ಆ ಮಾತಿಗೆ ಬರುವ ಮೊದಲು ನೌಕರಿ ಹೇಗಿತ್ತು ಎಂದು ತಿಳಿದರೆ, ಮಾತು ಯಾಕೆ ಬಾಯಿಂದ ಬಿತ್ತು ಎಂಬುದೂ ನಿಮಗೆ ತಿಳಿಯುತ್ತದೆ.

ನಾನು ಕುಕನೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಫೈರ್‌ಮನ್ ಆಗಿ ಸೇರಿದವನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಊರುಗಳಲ್ಲೇ ಸುತ್ತಿ ಸುತ್ತಿ ಮುದುಕನಾದೆ. ಬಡ್ತಿ ಯಾವಾಗ ಬಂತು, ಭುಜದ ಮೇಲೆ ಏನು ಬಂತು ಎಂಬುದರಿಂದ ನಿಮಗೆ ಉಪಯೋಗವಿಲ್ಲ.

ಮೊದಲ ವರ್ಷಗಳಲ್ಲಿ ನಮ್ಮ ಬೆಂಕಿ ಎಂದರೆ ಬಣವೆಯ ಬೆಂಕಿ. ಗಂಗಾವತಿ ಕಡೆ ಭತ್ತದ ಹುಲ್ಲು, ಯಲಬುರ್ಗಾ ಕಡೆ ಜೋಳದ ಸೊಪ್ಪೆ. ಬಣವೆಗೆ ಬೆಂಕಿ ಬಿದ್ದರೆ ನೀರು ಹೊಡೆದಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿತ್ತು. ಕೊಕ್ಕೆ ಹಾಕಿ ಹುಲ್ಲನ್ನು ಬಿಚ್ಚಿ ಎಳೆದು, ಸುಡದೆ ಉಳಿದದ್ದನ್ನು ದೂರ ಹಾಕಬೇಕು. ಊರಿನವರೆಲ್ಲ ಸೇರಿ ಎಳೆಯುತ್ತಿದ್ದರು. ಎಳೆದಷ್ಟೂ ದನಗಳಿಗೆ ಮೇವು ಉಳಿಯುತ್ತಿತ್ತು. ಆ ಎಳೆಯುವ ಅಭ್ಯಾಸ ನಮ್ಮ ರಟ್ಟೆಗೆ ಹತ್ತಿಬಿಟ್ಟಿತ್ತು.

ಗಂಗಾವತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಸೋಫಾ ಅಂಗಡಿಗೆ ಬೆಂಕಿ ಬಿತ್ತು. ಆಗಿನ್ನೂ ಸೋಫಾ ಅಂಗಡಿಗಳು ಹೊಸವು. ಅಲ್ಲಿಯವರೆಗೆ ಗಾದಿ ಎಂದರೆ ಅರಳೆಯ ಗಾದಿ. ಅರಳೆಗೆ ಬೆಂಕಿ ತಗುಲಿದರೆ ಒಳಗೊಳಗೇ ಕುಮುಲುತ್ತದೆ, ಹೊರಗೆಳೆದು ನೀರು ಹಾಕಲು ಪುರಸೊತ್ತು ಕೊಡುತ್ತದೆ. ಅಂಗಡಿಯ ಮಾಲೀಕ ಬಾಗಿಲಲ್ಲಿ ನಿಂತು ಮಾಲು ಉಳಿಸಿರಿ ಎಂದು ಗೋಗರೆಯುತ್ತಿದ್ದ. ನಾವು ಮೂವರು ಮುಖಕ್ಕೆ ಒದ್ದೆ ಟವೆಲ್ ಸುತ್ತಿ ಒಳಗೆ ನುಗ್ಗಿದೆವು. ಹಿಂದೆ ಮುಂದೆ ನೋಡದೆ, ಒಂದು ತುದಿಗೆ ಬೆಂಕಿ ಹತ್ತಿದ್ದ ಸೋಫಾಕ್ಕೆ ಕೊಕ್ಕೆ ಹಾಕಿ ಬಣವೆ ಎಳೆದಂತೆ ಬಾಗಿಲಿನ ಕಡೆ ಎಳೆದೆವು. ಸೋಫಾ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಬಾಗಿಲಿಂದ ಬಂದ ಗಾಳಿ ತಾಗಿದ್ದೇ ತಡ, ಪೂರ್ತಿ ಹತ್ತಿಕೊಂಡಿತು. ಒಳಗೆ ತುಂಬಿದ ಸ್ಪಂಜು ಉರಿಯುವ ಬಗೆಯೇ ಬೇರೆ. ಕರಗಿ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಹನಿಯೂ ಉರಿಯುತ್ತಿರುತ್ತದೆ. ಹೊಗೆ ಡಾಂಬರಿನಷ್ಟು ಕಪ್ಪು. ನಮ್ಮ ದಾರಿಗೆ ನಾವೇ ಬೆಂಕಿಯ ಬಾಗಿಲು ಕೂರಿಸಿಕೊಂಡು ಒಳಗೆ ಉಳಿದಿದ್ದೆವು.

ಹಿಂದೆ ಒಂದು ಬಾಗಿಲು ಇತ್ತು, ಅದಕ್ಕೆ ಅಡ್ಡ ಏನೂ ಇರಲಿಲ್ಲ. ಆದ್ದರಿಂದ ಬದುಕಿದೆವು. ಹೊರಗೆ ಬಂದು ವಾಂತಿ ಮಾಡಿಕೊಂಡ ಮೇಲೆ ನಮ್ಮ ತಂಡದ ಹಿರಿಯ ಮಹಬೂಬಸಾಬ್ ಕಟ್ಟೆಯ ಮೇಲೆ ಕುಳಿತು, "ಇದು ಹುಲ್ಲಲ್ಲೋ ತಮ್ಮಾ, ಎಣ್ಣಿ. ಗಟ್ಟಿ ಮಾಡಿದ ಎಣ್ಣಿ. ಎಣ್ಣಿ ಯಾರರ ಎಳೀತಾರೇನು?" ಎಂದ. ಎಳೆಯಿರಿ ಎಂದು ಮೊದಲು ಕೂಗಿದವನೂ ಅವನೇ. ಅದನ್ನು ನೆನಪಿಸಿದಾಗ, "ಕೂಗಿದ್ದು ನಾನು, ಎಳದವ್ರು ನೀವು" ಎಂದು ನಮ್ಮ ಮೇಲೇ ಹಾಕಿದ.

ಹುಡುಗರೇ, ಈಗ ನಿಮಗೆ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್ ಇದೆ, ಮುಖಕ್ಕೆ ಮುಸುಕು ಇದೆ. ಒದ್ದೆ ಟವೆಲ್ಲಿನ ಕಥೆ ಕೇಳಿ ನೀವು ನಗುತ್ತೀರಿ, ನಗಿರಿ. ಆದರೆ ಅಂಗಡಿಯಲ್ಲಿ ಕೆಲಸ ಮಾಡುವವರ ಬೆನ್ನಿಗೆ ಏನೂ ಇಲ್ಲ. ಅವರಿಗೆ ಇರುವುದು ಬಾಗಿಲು ಒಂದೇ. ಸ್ಪಂಜು ಹತ್ತಿಕೊಂಡ ಮೇಲೆ ಬೆಂಕಿಗಿಂತ ಮೊದಲು ಹೊಗೆ ಬರುತ್ತದೆ. ಎರಡು ಸಲ ಉಸಿರೆಳೆದರೆ ಮನುಷ್ಯನಿಗೆ ದಿಕ್ಕು ತಪ್ಪುತ್ತದೆ. ಸೋಫಾ ಅಂಗಡಿಗೆ ನಾವು ಹೇಳುವ ಎಲ್ಲ ನಿಯಮಗಳೂ ಇದೊಂದು ಕಾರಣಕ್ಕೆ ಹುಟ್ಟಿದವು. ಹೊರಗೆ ಹೋಗಲು ಎರಡು ದಾರಿ ಇರಲಿ, ಎರಡೂ ಖಾಲಿ ಇರಲಿ. ಸೋಫಾಗಳ ನಡುವೆ ಇಬ್ಬರು ಓಡುವಷ್ಟು ಜಾಗ ಬಿಡಿ. ಸ್ಪಂಜು ಅಂಟಿಸುವ ಸೊಲ್ಯೂಷನ್ ಡಬ್ಬಿಗಳನ್ನು ಮಾರುವ ಜಾಗದಲ್ಲಿ ಇಡಬೇಡಿ. ಇನ್ವರ್ಟರ್ ಪಕ್ಕದಲ್ಲಿ ಗಾದಿ ಒಟ್ಟಬೇಡಿ. ಒಳಗೆ ಬೀಡಿ ಬೇಡ, ಒಲೆ ಬೇಡ, ಯಾರೂ ಮಲಗುವುದು ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಇಷ್ಟೇ. ಶಾಲೆಯ ಮಗುವಿಗೂ ತಿಳಿಯುವಂಥವು. ಆದರೆ ಇಷ್ಟನ್ನು ಜನರಿಂದ ಮಾಡಿಸುವುದರಲ್ಲಿ ನನ್ನ ಹಲ್ಲು ಉದುರಿದವು.

ಪುರಸಭೆಯವರು ಪರವಾನಗಿ ಕೊಡುವ ಮುಂಚೆ ನಮ್ಮ ಅಭಿಪ್ರಾಯ ಕೇಳುವುದಿತ್ತು. ಹಾಗೆ ಕುಷ್ಟಗಿಯಲ್ಲಿ ಒಂದು ದಿನ ಫರ್ನಿಚರ್ ಅಂಗಡಿಗಳನ್ನು ನೋಡುತ್ತ ಹೊರಟೆ. ಮೊದಲನೇ ಅಂಗಡಿಯಲ್ಲಿ ಕೆಂಪು ಸಿಲಿಂಡರ್ ಇತ್ತು, ಹೊಟ್ಟೆಯ ಮೇಲೊಂದು ತಗ್ಗು. ಎರಡನೆಯದರಲ್ಲೂ ಕೆಂಪು ಸಿಲಿಂಡರ್, ಅದಕ್ಕೂ ಅಲ್ಲೇ ತಗ್ಗು. ಒಂದೇ ಕಂಪನಿಯ ಮಾಲಿರಬೇಕು ಎಂದು ಸುಮ್ಮನಾದೆ. ಮೂರನೆಯದರಲ್ಲಿ ಅದೇ ತಗ್ಗಿನ ಸಿಲಿಂಡರ್ ಇನ್ನೂ ಗೋಡೆಗೆ ಏರಿರಲಿಲ್ಲ. ತಂದವನು ಏದುಸಿರು ಬಿಡುತ್ತ ಪಕ್ಕದಲ್ಲೇ ನಿಂತಿದ್ದ. ನಾನು ಮಾಲೀಕನ ಮುಖ ನೋಡಿದೆ. ಅವನಿಗೆ ನಾಚಿಕೆ ಎಂಬುದೇ ಇರಲಿಲ್ಲ. "ನೀವು ಒಬ್ರs ಎಲ್ಲಾ ಅಂಗಡಿ ನೋಡ್ತೀರಲ್ರಿ ಸಾಹೇಬ್ರ, ಅದೂ ಒಂದs ಐತಿ. ನಿಮ್ ಕೂಡ ತಿರಗತೈತಿ" ಎಂದ. ಬೆಂಕಿ ಒಂದೊಂದೇ ಅಂಗಡಿಗೆ ಸರದಿಯಲ್ಲಿ ಬರುತ್ತದೆ ಎಂದು ನಿಮಗೆ ಬರೆದುಕೊಟ್ಟವರು ಯಾರು ಎಂದು ಕೇಳಿದೆ. ಚಹಾ ತರಿಸಿದ.

ಯಲಬುರ್ಗಾದಲ್ಲಿ ಇನ್ನೊಬ್ಬ. ಅಂಗಡಿಯ ಗೋಡೆಗೇ ಹೊಂದಿಸಿ ಮಿರ್ಚಿ ಭಜಿಯ ಒಲೆ ಹಾಕಲು ಯಾರಿಗೋ ಜಾಗ ಕೊಟ್ಟಿದ್ದ. ಭಜಿ ತಿನ್ನುವವರು ಬಂದು ಮಾರಾಟದ ಸೋಫಾಗಳ ಮೇಲೆ ಕುಳಿತು ತಿನ್ನುತ್ತಿದ್ದರು. ಒಲೆ ತೆಗೆಸು ಎಂದರೆ, "ಭಜಿ ತಿನ್ನಾಕ ಕುಂತವ್ರs ನಾಳೆ ಸೋಫಾ ಕೊಳ್ಳಾಕ ಬರ್ತಾರ್ರಿ" ಎಂದು ನನಗೇ ವ್ಯಾಪಾರ ಕಲಿಸಿದ. ಮತ್ತೆ ಕೆಲವರು ಸಿಲಿಂಡರನ್ನೇನೋ ಕೊಂಡಿದ್ದರು. ಆಯುಧ ಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಸರ ಸುತ್ತಿ, ಎದುರಿಗೆ ಸ್ಪಂಜಿನ ರಾಶಿಯ ಪಕ್ಕದಲ್ಲೇ ಕರ್ಪೂರ ಹಚ್ಚುತ್ತಿದ್ದರು. ಬೈಯಬೇಕು ಎಂದುಕೊಂಡಾಗ ನಮ್ಮ ಠಾಣೆಯಲ್ಲಿ ಡೀಸೆಲ್ ಟ್ಯಾಂಕಿನ ಮುಂದೆ ನಾವೂ ಕರ್ಪೂರ ಹಚ್ಚುವುದು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನಮ್ಮ ಮೇಲಧಿಕಾರಿಯೊಬ್ಬರ ಬಗ್ಗೆಯೂ ಒಂದು ಹೇಳುತ್ತೇನೆ. ಅವರ ಹೆಸರು ಬೇಡ. ಒಂದು ಸಲ ವ್ಯಾಪಾರಿಗಳನ್ನೆಲ್ಲ ಕೂರಿಸಿ, ಬೆಂಕಿ ಹತ್ತದ ಬಟ್ಟೆ ಬಂದಿದೆ ಎಂದು ತೋರಿಸಲು ಹೊರಟರು. ಯಾರೋ ಮಾರಾಟಗಾರ ಅವರ ಕಿವಿಯಲ್ಲಿ ಹೇಳಿದ್ದನ್ನು ಪೂರ್ತಿ ನಂಬಿದ್ದರು. ಆ ಬಟ್ಟೆ ಹೊದಿಸಿದ ಕುರ್ಚಿಗೆ ಕಡ್ಡಿ ಗೀರಿ ಹಿಡಿದರು. ಬಟ್ಟೆ ಕಪ್ಪಾಯಿತು, ಹತ್ತಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹುಮ್ಮಸ್ಸಿನಲ್ಲಿ ಇನ್ನೊಂದು ಕಡ್ಡಿಯನ್ನು ಹೊಲಿಗೆ ಬಿಚ್ಚಿದ್ದ ಜಾಗಕ್ಕೆ ಹಿಡಿದರು. ಬಟ್ಟೆಗೆ ಮದ್ದು ಹಾಕಿದ್ದರೇ ಹೊರತು ಒಳಗಿನ ಸ್ಪಂಜಿಗಲ್ಲ. ಸಾಹೇಬರ ಒಂದು ಹುಬ್ಬು ಬಹಳ ದಿನ ಬೆಳೆಯಲಿಲ್ಲ. ಮೇಲಿನ ಬಟ್ಟೆ ನೋಡಿ ಒಳಗಿನದನ್ನು ನಂಬಬೇಡಿ ಎಂದು ನಾನು ಹೊಸಬರಿಗೆ ಹೇಳುವುದು ಅಂದು ಕಲಿತದ್ದು.

ಇಷ್ಟೆಲ್ಲ ರೇಗಾಡಿದವನು ನಾನು. ಈಗ ನನ್ನ ಮಾತಿಗೆ ಬರುತ್ತೇನೆ.

ಅದು ಈ ನಾಲ್ಕು ಊರುಗಳಲ್ಲಿ ಒಂದು. ಯಾವುದು ಎಂದು ಹೇಳುವುದಿಲ್ಲ. ಅಂಗಡಿ ಶೆಟ್ಟರೊಬ್ಬರದು. ದೊಡ್ಡ ಅಂಗಡಿ. ಮುಂದೆ ಮಾರಾಟ, ಹಿಂದೆ ಒಂದು ಕೋಣೆಯಲ್ಲಿ ಸೋಫಾಗಳಿಗೆ ಬಟ್ಟೆ ಹೊಲಿಯುವ ಕೆಲಸ. ಅಲ್ಲಿ ಹೊಲಿಯುತ್ತಿದ್ದವಳೇ ಹುಲಿಗೆವ್ವ. ಗಂಡ ತೀರಿದ ಮೇಲೆ ಹೊಲಿಗೆಯಿಂದಲೇ ಎರಡು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಳು. ದಪ್ಪ ರೆಕ್ಸಿನ್ನಿಗೆ ವಕ್ರವಿಲ್ಲದೆ ಹೊಲಿಗೆ ಹಾಕುವವರು ಆ ಊರಿನಲ್ಲಿ ಆಕೆಯ ಹೊರತು ಇನ್ನೊಬ್ಬರಿರಲಿಲ್ಲ. ಕೋಣೆಯಿಂದ ಒಂದು ಓಣಿಯಂಥ ಜಾಗ, ಅದರ ಕೊನೆಗೆ ಹಿಂಬಾಗಿಲು.

ನಮ್ಮ ಕಡೆ ಮದುವೆ ಗೊತ್ತಾದರೆ ಹೆಣ್ಣಿನ ಕಡೆಯವರು ಮಂಚ, ಗಾದಿ, ಅಲ್ಮಾರಿ, ಸೋಫಾ ಕೊಡುವುದು ರೂಢಿಯಾಗಿಬಿಟ್ಟಿದೆ. ನಿಶ್ಚಯವಾದ ಮೇಲೆ ಒಳ್ಳೆಯ ದಿನ ನೋಡಿ ಅಂಗಡಿಗೆ ಬಂದು ಸಾಮಾನು ಗೊತ್ತು ಮಾಡಿ, ಅಲ್ಲೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಹೋಗುತ್ತಾರೆ. ಮನೆಗೆ ಒಯ್ದರೆ ಇಡಲು ಜಾಗವಿಲ್ಲ, ಮದುವೆಗೆ ಮೊದಲು ಯಾರಾದರೂ ಕುಳಿತುಬಿಟ್ಟರೆ ಎಂಬ ಭಯ ಬೇರೆ. ಹಾಗಾಗಿ ಅದು ಅಂಗಡಿಯಲ್ಲೇ ಉಳಿಯುತ್ತದೆ. ಪೂಜೆಯಾದ ಸಾಮಾನನ್ನು ಮುಹೂರ್ತದ ತನಕ ಇದ್ದ ಜಾಗದಿಂದ ಕದಲಿಸಬಾರದು ಎಂದು ಯಾರು ಶುರುಮಾಡಿದರೋ, ಎಲ್ಲರೂ ನಂಬಿದ್ದಾರೆ. ಅಂಗಡಿಯವರಿಗೆ ಮುಂದಿನ ಜಾಗ ಗಿರಾಕಿಗಳಿಗೆ ಬೇಕು. ಆದ್ದರಿಂದ ಪೂಜೆಯನ್ನೇ ಹಿಂದಿನ ಓಣಿಯಲ್ಲಿ ಮಾಡಿಸುತ್ತಾರೆ. ಅಲ್ಲಿಗೆ ಹಿಂಬಾಗಿಲು ಮುಚ್ಚಿತು. ಸರಿಸಿ ಎಂದರೆ, ಬರುವ ಸೋಮವಾರ ಹೋಗುತ್ತದೆ ಎನ್ನುತ್ತಾರೆ. ಸೋಮವಾರ ಅದು ಹೋಗುತ್ತದೆ. ಅದೇ ಸಂಜೆ ಇನ್ನೊಬ್ಬರ ಮದುವೆಯ ಸೋಫಾಕ್ಕೆ ಅದೇ ಜಾಗದಲ್ಲಿ ಕಾಯಿ ಒಡೆಯುತ್ತಾರೆ. ಈ ಓಣಿಗಾಗಿ ನಾನು ಶೆಟ್ಟರ ಜೊತೆ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಮಂತ್ರ ಬೆಂಕಿಗೂ ಗೊತ್ತಿದೆಯೇನು, ಪೂಜೆಯಾಗಿದೆ ಎಂದು ಸುತ್ತು ಹಾಕಿ ಹೋಗುತ್ತದೆಯೇನು ಎಂದು ಗಿರಾಕಿಗಳ ಎದುರೇ ಕೂಗಾಡಿದ್ದೇನೆ.

ನನ್ನ ಮಗಳ ಮದುವೆ ನಿಶ್ಚಯವಾಯಿತು. ಸೋಫಾ ಶೆಟ್ಟರ ಅಂಗಡಿಯಲ್ಲೇ ಗೊತ್ತು ಮಾಡಿದೆವು. ಕೆಂಪು ಮಖಮಲ್ಲಿನದು, ಮೂರು ಜನ ಕೂರುವಂಥದು. ಹೊಲಿದವಳು ಹುಲಿಗೆವ್ವ. ಪೂಜೆಯ ದಿನ ನನಗೆ ಡ್ಯೂಟಿ ಇತ್ತು, ಮನೆಯವರು ಹೋಗಿ ಮಾಡಿ ಬಂದರು. ಮರುದಿನ ಹೋಗಿ ನೋಡಿದರೆ ನಮ್ಮ ಸೋಫಾ ಹಿಂಬಾಗಿಲಿಗೆ ಸರಿಯಾಗಿ ಅಡ್ಡ ನಿಂತಿದೆ. ಶೆಟ್ಟರು ಜಾಣರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ, "ಸಾಹೇಬ್ರ, ನೀವು ಹೂಂ ಅಂದ್ರ ಈಗಿಂದೀಗ ಸರಸ್ತೀನ್ರಿ" ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಊರಾಗಿನ ಮಂದಿ ಮ್ಯಾಲೆ ಮಾಡೂ ಸಾಹೇಬ್ಕಿ ಮಗಳ ಮ್ಯಾಲೆ ಬ್ಯಾಡ. ನಾಳೆ ಆಕೀಗೇನರ ಆದ್ರ, ನೀವs ಸರಿಸಿದ್ರಿ ಅಂತ ಬೀಗರು ಅಂತಾರ. ಆವಾಗ ಏನ್ ಹೇಳ್ತೀರಿ?" ಎಂದಳು.

ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಹೇಳಲಿಲ್ಲ. ಮಾರನೆಯ ದಿನ ಶೆಟ್ಟರಿಗೆ, ಇರಲಿ ಬಿಡಿ, ಮದುವೆ ಹತ್ತಿರದಲ್ಲೇ ಇದೆ ಎಂದೆ. ಎಲ್ಲರೂ ನನಗೆ ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿದೆ. ಆಗ ಹುಲಿಗೆವ್ವ ಕೋಣೆಯ ಬಾಗಿಲಲ್ಲಿ ನಿಂತು ದಾರ ಕತ್ತರಿಸುತ್ತಿದ್ದಳು.

ಮದುವೆಗೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಹೋದ ಕರೆಂಟು ಬಂದಾಗ ಶೆಟ್ಟರ ಅಂಗಡಿಯ ಇನ್ವರ್ಟರಿನಿಂದ ಕಿಡಿ ಹಾರಿತು. ಪಕ್ಕದಲ್ಲೇ ಗಾದಿ ಒಟ್ಟಿದ್ದರು. ಮುಂದಿದ್ದವರೆಲ್ಲ ರಸ್ತೆಗೆ ಓಡಿದರು. ನಮ್ಮ ಗಾಡಿ ಹೋಗುವಷ್ಟರಲ್ಲಿ ಮುಂಭಾಗದಲ್ಲಿ ಕಾಲಿಡುವಂತಿರಲಿಲ್ಲ. ಹುಲಿಗೆವ್ವ ಒಳಗೆ ಉಳಿದಿದ್ದಾಳೆ ಎಂದು ಯಾರೋ ಕೂಗಿದರು.

ನಾವು ಹಿಂದಕ್ಕೆ ಓಡಿದೆವು. ಹುಡುಗರು ಬಾಗಿಲು ಒಡೆಯಲು ಹಾರೆ ಎತ್ತಿದರು. ನಾನು ತಡೆದೆ. ಬಾಗಿಲು ಬಿಡಿ, ಗೋಡೆ ಒಡೆಯಿರಿ ಎಂದು ಪಕ್ಕದ ಜಾಗ ತೋರಿಸಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಗೋಡೆಗೆ ಹಾರೆ ಹಾಕಿದರು. ಒಂಟಿ ಇಟ್ಟಿಗೆಯ ಗೋಡೆ, ಬೇಗ ಬಿತ್ತು. ಹುಲಿಗೆವ್ವ ಗೋಡೆಯ ಬುಡದಲ್ಲೇ ಬಿದ್ದಿದ್ದಳು. ಬಲಗೈ ಮೇಲೆ ಸ್ಪಂಜು ಕರಗಿ ಸುರಿದಿತ್ತು. ಉಸಿರಿತ್ತು. ಹೊರಗೆ ತಂದು ಕೊಪ್ಪಳದ ದವಾಖಾನೆಗೆ ಕಳಿಸಿದೆವು.

ಬಾಗಿಲು ತೆರೆಯುವುದಿಲ್ಲ ಎಂದು ನನಗೆ ಹೇಗೆ ಗೊತ್ತಿತ್ತು ಎಂಬುದು ಈಗ ನಿಮಗೆ ತಿಳಿದಿದೆ. ಅಂದು ಅಲ್ಲಿ ಸೇರಿದವರಲ್ಲಿ ಶೆಟ್ಟರ ಹೊರತು ಯಾರಿಗೂ ತಿಳಿಯಲಿಲ್ಲ. ಜನ ನನ್ನ ಸಮಯಪ್ರಜ್ಞೆಯನ್ನು ಹೊಗಳಿದರು. ಬಾಗಿಲಿನ ಜೊತೆ ಗುದ್ದಾಡುತ್ತ ನಿಂತಿದ್ದರೆ ಹೆಣ್ಣುಮಗಳು ಉಳಿಯುತ್ತಿರಲಿಲ್ಲ ಎಂದು ಶಾಲು ಹೊದಿಸಿದರು. ಹೊದಿಸಿಕೊಂಡೆ.

ಆಮೇಲೆ ನಮ್ಮ ಮೇಲಧಿಕಾರಿ ಬಂದು ವಿಚಾರಿಸಿದರು. ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದರು. ಬಾಗಿಲನ್ನು ಮುಟ್ಟಿಯೂ ನೋಡದೆ ಗೋಡೆ ಯಾಕೆ ಒಡೆಸಿದಿರಿ? ಶೆಟ್ಟರು ಪಕ್ಕದಲ್ಲೇ ನಿಂತಿದ್ದರು. ಸೋಫಾ ಸುಟ್ಟು ಸ್ಪ್ರಿಂಗುಗಳಾಗಿ, ಅದರ ಮೇಲೆ ಇಟ್ಟಿಗೆ ಬಿದ್ದು ಗುರುತು ಉಳಿದಿರಲಿಲ್ಲ.

"ಒಳಗಿನಿಂದ ಅಗಳಿ ಹಾಕ್ಕೊಂಡಾಳ ಅನಸ್ತ್ರಿ ಸರ್" ಎಂದೆ.

ನಾನು ಆಡಿದ ಮಾತು ಅಷ್ಟೇ. ಅದು ನನ್ನ ಬಾಯಿಂದ ಹೊರಟು ಊರೆಲ್ಲ ತಿರುಗಿತು. ಒಂಟಿ ಹೆಣ್ಣು ಮಧ್ಯಾಹ್ನ ಅಗಳಿ ಯಾಕೆ ಹಾಕಿಕೊಂಡಿದ್ದಳು ಎಂದು ಕೆಲವರು ಬೇರೆಯದೇ ಅರ್ಥ ಹಚ್ಚಿದರು. ಆಕೆ ದವಾಖಾನೆಯಿಂದ ಬರುವಷ್ಟರಲ್ಲಿ ಕಥೆ ಗಟ್ಟಿಯಾಗಿತ್ತು. ಇಲ್ಲ, ಅಡ್ಡ ಸೋಫಾ ಇತ್ತು ಎಂದು ಆಕೆ ಹೇಳಿದರೆ, ನಿನ್ನ ಜೀವ ಉಳಿಸಿದ ಸಾಹೇಬರೇ ಹೇಳಿದ್ದಾರೆ ಎಂದು ಬಾಯಿ ಮುಚ್ಚಿಸಿದರು. ಶೆಟ್ಟರು ಬೇರೆಯವರನ್ನು ಇಟ್ಟುಕೊಂಡರು. ಉಳಿದ ಅಂಗಡಿಗಳವರು, ಅಗಳಿ ಹಾಕಿಕೊಳ್ಳುವವಳು ನಮಗೆ ಬೇಡ, ನಾಳೆ ನಮ್ಮ ಅಂಗಡಿಯಲ್ಲಿ ಏನಾದರೂ ಆದರೆ ಕೇಸು ನಮ್ಮ ಮೇಲೆ ಎಂದರು. ಆಕೆ ಕುಷ್ಟಗಿ ಕಡೆಯ ಹೊಲಗಳಿಗೆ ಬೀಜದ ಹತ್ತಿಯ ಹೂ ಕೂಡಿಸುವ ಕ್ರಾಸಿಂಗ್ ಕೆಲಸಕ್ಕೆ ಕೂಲಿ ಹೋಗತೊಡಗಿದಳು. ಸುಟ್ಟ ಬೆರಳು ಹೂವಿನ ಎಳೆ ಹಿಡಿಯುವುದು ಕಷ್ಟ. ಹೊಲಿಗೆಯಂತ್ರಕ್ಕೆ ಆ ಬೆರಳು ಇನ್ನೂ ಸಾಕಿತ್ತು.

ಮಗಳ ಮದುವೆ ಆಯಿತು. ಬೇರೆ ಸೋಫಾ ಹೋಯಿತು. ನಾನು ನಿವೃತ್ತನಾದೆ.

ನಿವೃತ್ತಿಯಾದ ಮೇಲೂ ನಾನು ಒಮ್ಮೆಗೇ ಹೋಗಿ ಹೇಳಿದವನಲ್ಲ. ಆಕೆಯ ಮನೆಯ ಓಣಿಯ ತನಕ ಹೋಗಿ ಹಿಂದಿರುಗಿದ್ದೇನೆ. ಕೊನೆಗೆ ಒಂದು ಭಾನುವಾರ ಹೋದೆ. ಆಕೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ನೋಡಿ ಎದ್ದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ಆ ಮರ್ಯಾದೆಯೇ ನನಗೆ ಸಹಿಸಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಸೋಫಾ ನನ್ನ ಮಗಳದು, ಸರಿಸುವುದು ಬೇಡ ಎಂದವನು ನಾನು, ಅಗಳಿಯ ಮಾತು ಸುಳ್ಳು.

ಆಕೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕ್ ಹೇಳ್ತೀರ್ರಿ ಸಾಹೇಬ್ರ? ಒಳಗಿದ್ದಾಕಿ ನಾನು. ಆ ಸೋಫಾ ಹೊಲದಾಕಿ ನಾನು, ನೂಕಿದಾಕಿ ನಾನು. ನಿಮ್ ಮಗಳದು ಅಂತ ಗೊತ್ತಿಲ್ಲೇನ್ ನನಗ? ನೀವು ಇರ್ಲಿ ಬಿಡ್ರಿ ಅಂದಾಗ ಅಲ್ಲೇ ನಿಂತಿದ್ದೆ."

ತಪ್ಪಾಯಿತು ತಂಗಿ ಎಂದೆ.

"ಆತಲ್ಲ, ನಿಮ್ಗ ಹಗರಾತು" ಎಂದಳು. "ಗೊತ್ತಿದ್ದಾಕಿಗೆ ಬಂದು ಹೇಳಿದ್ರಿ. ಗೊತ್ತಿಲ್ದವರ್ಗೆ ಹೇಳ್ರಿ. ನನ್ನ ಬ್ಯಾಡ ಅಂದಾರಲ್ಲ, ಆ ಅಂಗಡಿಯಾಗ ಹೋಗಿ ಹೇಳ್ರಿ."

ಮೊದಲು ಶೆಟ್ಟರ ಹತ್ತಿರ ಹೋದೆ. ಅಂಗಡಿಯನ್ನು ಹೊಸದಾಗಿ ಕಟ್ಟಿಸಿದ್ದರು, ಮೊದಲಿಗಿಂತ ದೊಡ್ಡದು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ಒರೆಸಿಕೊಂಡರು. ಅವರಿಗೆ ನಾನು ಯಾಕೆ ಈ ವಯಸ್ಸಿನಲ್ಲಿ ಕೆಸರು ಕೆದಕುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. "ಅಂದs ನಾ ಬಾಯಿ ಬಿಚ್ಚಿದ್ರ ನಿಮ್ ನೌಕರಿ ಇರ್ತಿತ್ತೇನ್ರಿ? ನಿಮ್ ಮರ್ಯಾದಿ ಕಾಯ್ದೀನಿ ನಾನು" ಎಂದರು. ನಿಮ್ಮ ಅಂಗಡಿಯ ಮರ್ಯಾದೆಯೂ ಅದರಲ್ಲೇ ಉಳಿಯಿತಲ್ಲ ಎಂದು ನಾನು ಹೇಳಿದ್ದಕ್ಕೆ ಮಾತು ಮಳೆಯ ಕಡೆ ತಿರುಗಿಸಿದರು. ಎದ್ದು ಬರುವಾಗ ಹಿಂದಿನ ಓಣಿಗೆ ಕಣ್ಣು ಹಾಯಿಸಿದೆ. ಅರಿಶಿನ ಕುಂಕುಮ ಹಚ್ಚಿದ ನೀಲಿ ಸೋಫಾ ನಿಂತಿತ್ತು. ಶೆಟ್ಟರ ಮಗ ನನ್ನ ನೋಟ ಕಂಡು, ಬರುವ ಗುರುವಾರ ಹೋಗುತ್ತದೆ ಎಂದ.

ಏಪ್ರಿಲ್‌ನಲ್ಲಿ ಅಗ್ನಿಶಾಮಕ ಸಪ್ತಾಹಕ್ಕೆ ಫರ್ನಿಚರ್ ವ್ಯಾಪಾರಿಗಳನ್ನು ಕರೆದು ಸಭೆ ಮಾಡುತ್ತಾರೆ. ಈ ಸಲ ನಾನೇ ಕೇಳಿಕೊಂಡು ಮಾತಾಡಲು ನಿಂತೆ. ನಿಯಮಗಳನ್ನು ಹೇಳಿದೆ. ಎರಡು ದಾರಿ ಎಂಬಲ್ಲಿಗೆ ಬಂದಾಗ ಸೋಫಾದ ವಿಷಯ ಹೇಳಿದೆ. ಯಾರದು ಎಂದು ಹೇಳಿದೆ. ಹುಲಿಗೆವ್ವ ಅಗಳಿ ಹಾಕಿರಲಿಲ್ಲ, ಅದು ನಾನು ಕಟ್ಟಿದ ಸುಳ್ಳು ಎಂದೆ. ಆಮೇಲೆ ಹಿಂದಿನಿಂದ ಒಬ್ಬರು ಎದ್ದು, ಒಂದೇ ಬಾಗಿಲು ಇದ್ದರೂ ಅದನ್ನು ಅಗಲ ಮಾಡಿಸಿದರೆ ನಡೆಯುತ್ತದೆಯೇ ಎಂದು ಕೇಳಿದರು. ಇನ್ನೊಬ್ಬರು ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ನನ್ನ ನೌಕರಿಯುದ್ದಕ್ಕೂ ಬಂದ ಸಿಟ್ಟೆಲ್ಲ ಆಗ ಒಟ್ಟಿಗೇ ಬಂತು. ಆದರೆ ಬೈಯುವ ಬಾಯಿ ನನಗೆ ಉಳಿದಿರಲಿಲ್ಲ. ಆ ಜನ ಕೇಳುವುದಿಲ್ಲ ಎಂದು ಇಷ್ಟು ವರ್ಷ ದೂರಿದವನು, ಕೇಳಲೇಬೇಕಾದ ದಿನ ನಾನೂ ಕೇಳಿರಲಿಲ್ಲ.

ಊಟದ ಸಾಲಿನಲ್ಲಿ ಈರಣ್ಣ ಎಂಬ ವ್ಯಾಪಾರಿ ನನ್ನ ಪಕ್ಕಕ್ಕೆ ಬಂದ. ವರ್ಷದ ಹಿಂದೆ ಅಂಗಡಿ ತೆರೆದವನು. ಆಕೆ ಕೆಲಸ ಕೇಳಿಕೊಂಡು ಬಂದಾಗ ಅಗಳಿಯ ಮಾತು ಕೇಳಿ ವಾಪಸು ಕಳಿಸಿದ್ದನಂತೆ. ತನ್ನಲ್ಲಿ ಹೊಲಿಗೆ ಡೊಂಕಾಗುತ್ತಿದೆ, ಗಿರಾಕಿಗಳು ಬೈಯುತ್ತಿದ್ದಾರೆ, ಆಕೆ ಈಗಲಾದರೂ ಬರುತ್ತಾಳೆಯೇ ಎಂದು ಕೇಳಿದ. ಅವನಿಗೆ ನನ್ನ ಪಶ್ಚಾತ್ತಾಪ ಬೇಕಿರಲಿಲ್ಲ, ನೆಟ್ಟಗಿನ ಹೊಲಿಗೆ ಬೇಕಿತ್ತು. ಅದೇ ಒಳ್ಳೆಯದಾಯಿತು.

ನಾನೇ ಆಕೆಯನ್ನು ಕರೆದುಕೊಂಡು ಹೋದೆ. ಹುಲಿಗೆವ್ವ ಯಂತ್ರದ ಕಡೆ ನೋಡಲಿಲ್ಲ. ನೇರವಾಗಿ ಹಿಂದಕ್ಕೆ ನಡೆದಳು. ಅಲ್ಲಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಸೋಫಾ, ಅದರ ಕೈ ಮೇಲೆ ಕುಂಕುಮ, ಕೆಳಗೆ ಒಣಗಿದ ಕಾಯಿ ಹೋಳು. ಆಕೆ ಈರಣ್ಣನ ಮುಖ ನೋಡಿದಳು. ಅವನು, ಪೂಜೆಯಾಗಿದೆ, ಗಿರಾಕಿಗಳಿಗೆ ಒಂದು ಮಾತು ಕೇಳಿ ಸಂಜೆ ಸರಿಸುತ್ತೇನೆ ಎಂದು ಫೋನು ತೆಗೆದ.

"ನೀವು ಕೇಳ್ರಿ" ಎಂದು ಹುಲಿಗೆವ್ವ ಸೆರಗು ಸಿಕ್ಕಿಸಿ ಸೋಫಾದ ಒಂದು ತುದಿಗೆ ಎರಡೂ ಕೈ ಹಾಕಿದಳು. "ಸಾಹೇಬ್ರ, ಆ ಕಡೆ ಹಿಡೀರಿ."

ಹಿಡಿದೆ. ಸೊಂಟ ಚಳುಕು ಹೊಡೆಯಿತು, ಬಿಡಲಿಲ್ಲ. ಆ ಕಡೆಯವರು ಫೋನು ಎತ್ತುವಷ್ಟರಲ್ಲಿ ಸೋಫಾ ಪಕ್ಕದ ಗೋಡೆಗೆ ಹೋಗಿತ್ತು. ಹಿಂದಿನ ಬಾಗಿಲಿಗೂ ಗೋಡೆಗೂ ಸೇರಿಸಿ ಒಂದೇ ಬಣ್ಣ ಹೊಡೆದಿದ್ದರು. ಅಗಳಿ ಬಣ್ಣದಲ್ಲಿ ಅಂಟಿ ಕೂತಿತ್ತು. ಈರಣ್ಣ ಫೋನು ಕಿವಿಗೆ ಹಿಡಿದುಕೊಂಡೇ, ಹೊಸ ಬಣ್ಣ, ಕೆರೆದರೆ ಕಲೆ ಬೀಳುತ್ತದೆ ಎಂದ.

ಹುಲಿಗೆವ್ವ ಸೊಂಟದಿಂದ ಕತ್ತರಿ ತೆಗೆದು ಕೆರೆಯತೊಡಗಿದಳು. ಬಾಗಿಲು ಪೂರ್ತಿ ತೆರೆದು, ಹೊರಗೆ ಕಾಲಿಟ್ಟು, ಮತ್ತೆ ಒಳಗೆ ಬಂದ ಮೇಲೆಯೇ ಯಂತ್ರದ ಮುಂದೆ ಕುಳಿತಳು.